ಎಲ್ಲರೂ ಸಾಲಿನಲ್ಲಿ ಕಾಯಬೇಕು

ಅಪ್ಪ ಸತ್ತ ಹನ್ನೊಂದನೆಯ ದಿನ ದೇವದಾಸ ಮನೆಗೆ ಬಂದ. ಬಂದವನು ಅಮಸಿದ್ದನ ಹೆಗಲ ಮೇಲೆ ಕೈಯಿಟ್ಟು, “ಕ್ಯಾ ಕರೇಂ ಬೇಟಾ, ಲೈನ್ ಮೇಂ ತೋ ಸಬ್‌ಕೋ ರುಕ್‌ನಾ ಪಡ್‌ತಾ ಹೈ” ಎಂದ. ಎಲ್ಲರೂ ಸಾಲಿನಲ್ಲಿ ಕಾಯಬೇಕಂತೆ! ಆ ಕೈಯನ್ನು ಅಲ್ಲೇ ತಿರುಚಿ ಮುರಿಯಬೇಕೆನ್ನಿಸಿತು ಅಮಸಿದ್ದನಿಗೆ. ಮುರಿಯಲಿಲ್ಲ. ಒಳಗೆ ಹೋಗಿ ಚಹಾ ತಂದುಕೊಟ್ಟ. ದೇವದಾಸ ಒಂದು ಗುಟುಕು ಕುಡಿದು, ಸಕ್ಕರೆ ಹಾಕಿದ್ದೀರಲ್ಲ, ನನಗೆ ಬೈಪಾಸ್ ಆಗಿದೆ, ಎರಡು ಸಲ ಸತ್ತು ಬದುಕಿದವನು ನಾನು, ಎಂದು ಲೋಟವನ್ನು ಕೆಳಗಿಟ್ಟ. ಆ ಮಾತನ್ನು ಅಮಸಿದ್ದ ಮನಸ್ಸಿನಲ್ಲಿ ಇಟ್ಟುಕೊಂಡ.

ಸಾಲಂತೆ ಸಾಲು. ಆ ಸಾಲನ್ನು ಬರೆದವನೇ ಅಮಸಿದ್ದ. ನಾಶಿಕದ ಅಂಬಡ್ ಕೈಗಾರಿಕಾ ಪ್ರದೇಶದಲ್ಲಿ ದೇವದಾಸನದೊಂದು ಖಾಸಗಿ ಆಂಬ್ಯುಲೆನ್ಸ್ ಕಂಪನಿ. ನಾಶಿಕದಲ್ಲಿ ಏಳು ಗಾಡಿ, ಔರಂಗಾಬಾದಿನಲ್ಲಿ ನಾಲ್ಕು. ಕಾರ್ಡು ಮಾಡಿಸಿಕೊಂಡವರು ಫೋನ್ ಮಾಡಿದಾಗ ಯಾರಿಗೆ ಮೊದಲು ಗಾಡಿ ಹೋಗಬೇಕು ಎಂದು ತೀರ್ಮಾನಿಸುವ ಪ್ರೋಗ್ರಾಮನ್ನು ಜಾವಾದಲ್ಲಿ ಬರೆದು, ಐದು ವರ್ಷದಿಂದ ಮಗುವಿನಂತೆ ಸಾಕಿದವನು ಅವನು. ಆಫೀಸಿನವರ ನಾಲಿಗೆ ಅವನ ಹೆಸರಿಗೆ ಹೊರಳುತ್ತಿರಲಿಲ್ಲ. ಎಲ್ಲರೂ ಅಮಿತ್ ಎನ್ನುತ್ತಿದ್ದರು. ಅಪ್ಪ ನಿಂಗಣ್ಣ ಇಂಡಿ ತಾಲೂಕಿನಿಂದ ಗಾರೆ ಕೆಲಸಕ್ಕೆ ಬಂದವನು. ಬುಟ್ಟಿ ಹೊತ್ತು ಹೊತ್ತು ಬೆನ್ನು ಬಾಗಿದ ಮೇಲೆ ಅಲ್ಲೇ ಎರಡು ಕಿಲೋಮೀಟರ್ ಆಚೆಯ ಕಾರ್ಖಾನೆಯೊಂದರ ಗೇಟಿನಲ್ಲಿ ವಾಚ್‌ಮನ್ ಆಗಿದ್ದ.

2011ರ ನವೆಂಬರಿನಲ್ಲಿ, ಹಾಡಹಗಲು ಹನ್ನೊಂದು ಗಂಟೆಗೆ, ನಿಂಗಣ್ಣ ಎದೆ ಹಿಡಿದುಕೊಂಡು ಗೇಟಿನ ಬಳಿ ಕುಸಿದ. ಕೆಲಸಗಾರರು ಕಾರ್ಖಾನೆಯ ಕಾರ್ಡಿನ ಮೇಲೆ ದೇವದಾಸನ ಕಂಪನಿಗೆ ಫೋನ್ ಮಾಡಿದರು. ಪ್ರೋಗ್ರಾಮು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಎದೆನೋವು ಎಂದೊಡನೆ ಅಪ್ಪನ ಕರೆಯನ್ನು ಎಲ್ಲಕ್ಕಿಂತ ಮೇಲೆ ತಂದಿತ್ತು, ಗಾಡಿ ಹೊರಟೂ ಇತ್ತು. ಆದರೆ ಪರದೆಯ ಮೂಲೆಯಲ್ಲಿ ಒಂದು ಕೆಂಪು ಬಟನ್. ಅದನ್ನು ಒತ್ತಿದರೆ ಯಾವ ಕರೆಯನ್ನಾದರೂ ಎಲ್ಲರ ಮುಂದೆ ನಿಲ್ಲಿಸಬಹುದು. ದೇವದಾಸ ಹಟ ಹಿಡಿದು ಹಾಕಿಸಿಕೊಂಡ ಬಟನ್ ಅದು. ಅಂದು ಅವನ ಮನೆಗೆ ಬಂದ ಅತಿಥಿಯೊಬ್ಬಳು ಪಂಚವಟಿಯ ಘಾಟಿನ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡಿದ್ದಳು. ಕಾಲು ಉಳುಕಿದ್ದಕ್ಕೆ! ದೇವದಾಸ ಬಟನ್ ಒತ್ತಿದ. ಅರ್ಧ ದಾರಿಯಿಂದ ಗಾಡಿ ತಿರುಗಿತು. ನಿಂಗಣ್ಣ ಕಾರ್ಖಾನೆಯ ಗೇಟಿನ ನೆರಳಲ್ಲಿ ನಲವತ್ತಾರು ನಿಮಿಷ ಕಾದು ಸತ್ತ.

ಕಾರ್ಖಾನೆಯ ಕೆಲಸಗಾರರು ಗಲಾಟೆ ಮಾಡಿದರು. ದೇವದಾಸ ಎಂಥ ಆಸಾಮಿ! ಪೇಪರಿನವರನ್ನು ಕರೆಸಿ, ಅವರೆದುರೇ ಆ ಬಟನ್ ತೆಗೆಸಿಹಾಕಿದ. ಇನ್ನು ಮುಂದೆ ಸಾಲಿನಲ್ಲಿ ಮನುಷ್ಯರ ಕೈಯಿಲ್ಲ, ಎಲ್ಲ ಯಂತ್ರದ್ದೇ ತೀರ್ಮಾನ ಎಂದು ಭಾಷಣ ಬಿಗಿದ. ಯಾರಾದರೂ ರೋಗಿಯ ದಾಖಲೆಯನ್ನು ತೆರೆದರೆ ತೆರೆದವರ ಹೆಸರು, ಹೊತ್ತು ಎರಡೂ ಅಳಿಸಲಾಗದಂತೆ ದಾಖಲಾಗಬೇಕು ಎಂದ. ನೌಕರರ ತಂದೆತಾಯಿಗೂ ಪುಕ್ಕಟೆ ಕಾರ್ಡು ಎಂದ. ಮರುದಿನ ಪೇಪರಿನಲ್ಲಿ ಅವನ ಫೋಟೋ ಬಂತು. ಪಕ್ಕದಲ್ಲಿ ನಿಂತವನು ಅಮಸಿದ್ದ. ತಂದೆಯನ್ನು ಕೊಂದ ಬಟನ್ನನ್ನು ತನ್ನ ಕೈಯಾರೆ ಬರೆದು, ತನ್ನ ಕೈಯಾರೆ ಅಳಿಸಿ, ಕೊಂದವನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ ಮಗ. ಥೂ! ಆ ಪೇಪರನ್ನು ಅವನು ಹರಿಯಲಿಲ್ಲ, ಮಡಚಿ ಪೆಟ್ಟಿಗೆಯಲ್ಲಿಟ್ಟ.

ಹಾವು ಸಾಯಬಾರದು, ಕೋಲು ಮುರಿಯಬಾರದು ಎನ್ನುತ್ತಾರೆ ಹಿರಿಯರು. ಅಮಸಿದ್ದನಿಗೆ ಹಾವು ಸಾಯಲೇಬೇಕಿತ್ತು. ಚಾಕು, ವಿಷ, ಬಾಡಿಗೆ ಗೂಂಡಾ ಎಲ್ಲ ಮುಠ್ಠಾಳರ ಕೆಲಸ. ಎರಡು ಸಲ ಹೃದಯಾಘಾತವಾದವನಿಗೆ ಮೂರನೆಯದು ಆಗಿಯೇ ಆಗುತ್ತದೆ. ಅಂದು ಅವನು ತನ್ನದೇ ಕಂಪನಿಗೆ ಫೋನ್ ಮಾಡುತ್ತಾನೆ. ಅವನ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು: ಕಾರು ಬೇಡ, ಆಮ್ಲಜನಕವಿರುವ ಗಾಡಿಯಲ್ಲೇ ಬರಬೇಕು, ಗಾಡಿ ಬರುವವರೆಗೆ ಮಿಸುಕಬಾರದು. ಸರಿ. ಮಿಸುಕದೆ ಕಾಯಲಿ. ಅಪ್ಪ ಕಾದಷ್ಟೇ ಕಾಯಲಿ.

ದಾರಿ ಸುಲಭವಿತ್ತು, ಆ ಪ್ರೋಗ್ರಾಮಿನ ಕರುಳು ಅವನಿಗೆ ಗೊತ್ತಿತ್ತು. ಹೊರಗಿನವರು ಅದನ್ನು ರೇಷನ್ ಅಂಗಡಿಯ ಸಾಲು ಎಂದುಕೊಳ್ಳುತ್ತಾರೆ. ಅಲ್ಲ, ಅದೊಂದು ರಾಶಿ. ಬರುವ ಪ್ರತಿ ಕರೆಯೂ ಅದರೊಳಗೆ ಒಂದು ಗಂಟು. ಗಂಟಿನೊಳಗೆ ಕಾಯಿಲೆ, ಊರು, ಕಾಯ್ದ ಹೊತ್ತು, ಜನ್ಮದಿನಾಂಕ. ಹತ್ತು ದೊಡ್ಡದೋ ಇಪ್ಪತ್ತು ದೊಡ್ಡದೋ ಎಂದು ಜಾವಾಕ್ಕೆ ಹುಟ್ಟಿನಿಂದಲೇ ಗೊತ್ತು. ಆದರೆ ಎದೆನೋವು ದೊಡ್ಡದೋ ಮುರಿದ ಕಾಲು ದೊಡ್ಡದೋ ಎಂದು ಅದಕ್ಕೇನು ಗೊತ್ತು? ಬರೆದವನೇ ಹೇಳಿಕೊಡಬೇಕು. ರಾಶಿ ಎಂದೂ ಎಲ್ಲವನ್ನೂ ಸಾಲಾಗಿ ಜೋಡಿಸಿಡುವುದಿಲ್ಲ. ತುದಿಯಲ್ಲಿರುವುದು ಎಲ್ಲಕ್ಕಿಂತ ಅವಸರದ್ದು ಎನ್ನುವುದಷ್ಟೇ ಅದರ ಭರವಸೆ. ತುದಿಯದನ್ನು ತೆಗೆದಾಗ ಅದು ಎರಡೆರಡನ್ನೇ ಹಿಡಿದು ಕೇಳುತ್ತದೆ, ಇವರಿಬ್ಬರಲ್ಲಿ ಯಾರು ಮೊದಲು? ಆ ಒಂದು ಪ್ರಶ್ನೆಗೆ ಉತ್ತರ ಕೊಡುವುದು ಅಮಸಿದ್ದ ಬರೆದ ಹದಿನಾಲ್ಕು ಸಾಲು. ಅದಕ್ಕೆ ಇನ್ನು ಮೂರು ಸಾಲು ಸೇರಿದರೆ ಸಾಕಿತ್ತು. ಇಂಥವನು ಇದ್ದರೆ, ಎದುರಿಗೆ ಯಾರೇ ಇರಲಿ, ಇವನು ಹಿಂದೆ. ನೆಗಡಿಯವನು ಬಂದರೂ ಇವನು ಹಿಂದೆ.

‘ಇಂಥವನು’ ಎಂದು ಹೇಳುವುದೇ ತೊಡಕಾಗಿತ್ತು. ಹೆಸರು ಬರೆದರೆ ಸಿಕ್ಕಿಬೀಳುವುದು ಖಂಡಿತ. ಕಾರ್ಡಿನ ನಂಬರು ಬರೆದರೂ ಅಷ್ಟೇ. ಉತ್ತರವನ್ನು ದೇವದಾಸನೇ ಕೊಟ್ಟ. ಪ್ರತಿ ವರ್ಷ ಜೂನ್ ಒಂದಕ್ಕೆ ಅಂಬಡದ ಲೈಟು ಕಂಬ ಕಂಬಕ್ಕೂ ಅವನ ಹುಟ್ಟುಹಬ್ಬದ ಫ್ಲೆಕ್ಸು ಏರುತ್ತಿತ್ತು. ಕಪ್ಪು ಕನ್ನಡಕ, ಚಿನ್ನದ ಸರ, ಕೈಯಲ್ಲಿ ಮೊಬೈಲು, ಸುತ್ತ ಹಲ್ಲು ಕಿರಿಯುವ ಇಪ್ಪತ್ತು ಮುಖಗಳು. ಜನ್ಮದಿನಾಂಕ! ಜಾವಾದಲ್ಲಿ ಅದನ್ನು 1970ರ ಜನವರಿ ಒಂದರಿಂದ ಎಣಿಸಿದ ದಿನಗಳಾಗಿ ಬರೆಯಬಹುದು. 1954ರ ಜೂನ್ ಒಂದು ಎಂದರೆ ಹಿಂದಕ್ಕೆ ಐದು ಸಾವಿರದ ಆರುನೂರ ತೊಂಬತ್ಮೂರು ದಿನ. −5693. ಈ ಅಂಕಿಯನ್ನು ನೋಡಿ ಅದು ಒಬ್ಬ ಮನುಷ್ಯ ಎಂದು ಯಾವ ಬ್ರಹ್ಮ ಹೇಳಬಲ್ಲ?

ಅಮಸಿದ್ದ ಹುಂಬನಲ್ಲ. ಜೂನ್ ಒಂದರ ಮರ್ಮ ಅವನಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಇಂಡಿಯಿರಲಿ ದೇವದಾಸನ ಊರು ನಿಫಾಡ್ ಇರಲಿ, ಶಾಲೆಗೆ ಸೇರಿಸುವಾಗ ತಾರೀಕು ಗೊತ್ತಿಲ್ಲದ ಮಕ್ಕಳನ್ನೆಲ್ಲ ಮಾಸ್ತರು ಜೂನ್ ಒಂದಕ್ಕೇ ಹುಟ್ಟಿಸಿಬಿಡುತ್ತಿದ್ದರು. ದೇವದಾಸನೂ ಹಾಗೆ ಹುಟ್ಟಿದವನೇ, ಅಮಸಿದ್ದನೂ ಹಾಗೆಯೇ. ಶಾಲೆಯ ಮೆಟ್ಟಿಲನ್ನೇ ಹತ್ತದವರಿಗೆ ಆಫೀಸಿನ ಕಾರ್ಡು ಗುಮಾಸ್ತ ಮಹಿಬೂಬನೇ ಮಾಸ್ತರ. ವಯಸ್ಸು ಕೇಳಿ, ಅಷ್ಟು ವರ್ಷ ಹಿಂದಕ್ಕೆ ಹೋಗಿ, ಜೂನ್ ಒಂದು ಎಂದು ಬರೆದುಬಿಡುತ್ತಿದ್ದ. ಅದಕ್ಕೇ ಅಮಸಿದ್ದ ಇಸವಿಯನ್ನೂ ಸೇರಿಸಿಕೊಂಡ. ಏಪ್ರಿಲ್ ತಿಂಗಳಲ್ಲಿ ಒಂದು ಶನಿವಾರ, ಬೇರೆ ಯಾವುದೋ ಪಟ್ಟಿ ತೆಗೆಯುವ ನೆಪದಲ್ಲಿ, ಮೂವತ್ತೆಂಟು ಸಾವಿರ ಕಾರ್ಡುಗಳನ್ನೂ ಜಾಲಾಡಿದ. 1954ರ ಜೂನ್ ಒಂದಕ್ಕೆ ಹುಟ್ಟಿದವರು ದೇವದಾಸನನ್ನು ಬಿಟ್ಟು ಆರು ಮಂದಿ. ಆರೂ ಹೆಸರುಗಳನ್ನು ಓದಿದ. ಒಬ್ಬ ಸಾತಪುರದ ದರ್ಜಿ, ಒಬ್ಬಳು ನಿವೃತ್ತ ನರ್ಸು. ಉಳಿದವರೂ ಅಂಥವರೇ. ಇವರಲ್ಲಿ ಯಾರಾದರೂ ಫೋನ್ ಮಾಡಿದರೆ?

ಒಂದು ಗಳಿಗೆ ಅವನ ಕೈ ನಿಂತಿತು. ಆಮೇಲೆ ಲೆಕ್ಕ ಹಾಕಿದ. ಇಂಥವರು ಮೂರು ವರ್ಷಕ್ಕೊಮ್ಮೆ ಫೋನ್ ಮಾಡಿದರೆ ಹೆಚ್ಚು. ಅದೂ ಗಾಡಿ ಖಾಲಿಯಿದ್ದರೆ ಕೊನೆಯವನೇ ಮೊದಲನೆಯವನು, ತೊಂದರೆಯೇ ಇಲ್ಲ. ಆರು ಜನ, ತನ್ನವರು ಯಾರೂ ಅಲ್ಲ. ಅಪ್ಪನ ಹೆಸರನ್ನು ನೋಡಿ ಯಾರಾದರೂ ಇಷ್ಟು ಯೋಚಿಸಿದ್ದರೇ? ಮೇ ಮೊದಲ ವಾರ ಮೂರು ಸಾಲನ್ನು ಸೇರಿಸಿದ. ಪರಿಶೀಲಿಸಬೇಕಿದ್ದ ಪ್ರಜ್ವಲ ಎಂಬ ಎಳೆಯ ಇಂಜಿನಿಯರ್ ಐಪಿಎಲ್ ಸ್ಕೋರು ನೋಡುತ್ತಲೇ ಒಪ್ಪಿಗೆಯ ಗುರುತು ಹಾಕಿದ. ಕೆಲಸ ಮುಗಿದ ಮೇಲೆ ಹೊಸ ಆವೃತ್ತಿಯ ಹೆಸರಲ್ಲಿ ಆ ಮೂರು ಸಾಲೂ ಮಾಯವಾಗಲಿದ್ದವು. ಯಂತ್ರ ತೀರ್ಮಾನಿಸಿತು, ಯಾರೇನು ಮಾಡಲು ಸಾಧ್ಯ?

ಮೇ ತಿಂಗಳ ನಡುವೆ ಒಂದು ಸಂಜೆ ಮಹಿಬೂಬ ಮನೆಗೆ ಬಂದ. ಅವನೂ ಇಂಡಿಯ ಕಡೆಯವನೇ, ಅಪ್ಪನ ಜೊತೆ ಎಲೆಯಡಿಕೆ ಹಂಚಿಕೊಂಡು ತಿಂದವನು. ಅವ್ವ ಗುಂಡವ್ವ ರೊಟ್ಟಿ ಬಡಿಯುತ್ತ ಕೂತಿದ್ದಳು.

“ಅಮಸಿದ್ದಾ, ಸ್ಟಾಫಿನ ಅವ್ವ-ಅಪ್ಪಗೂ ಕಾರ್ಡ್ ಕೊಡಾಕತ್ತಾರ. ನೀ ಒಬ್ಬಾವನ ಬಾಕಿ ಉಳದಿ ನೋಡು. ಅವ್ವನ ಫಾರಮ್ ತಂದೀನಿ,” ಎಂದ ಮಹಿಬೂಬ.

ಅಮಸಿದ್ದ ಫಾರಮ್ಮನ್ನು ಕಸಿದು ನಾಲ್ಕು ಚೂರು ಮಾಡಿದ. “ಅಪ್ಪನ್ನ ಕೊಂದ ನಾಯಿ ಹಾಕಿದ ಭಿಕ್ಷಾ ಐತಿ ಇದು. ನಮಗ ಬ್ಯಾಡ. ಇನ್ನೊಮ್ಮಿ ಇದರ ಸುದ್ದಿ ತಗೀಬ್ಯಾಡ ಕಾಕಾ.”

“ಅಯ್ಯ, ಕಾಗದದ ಮ್ಯಾಲ ಯಾಕ ಸಿಟ್ಟು ಮಾಡತಿ ತಮ್ಮಾ? ಅದೇನ ಮಾಡೇತಿ ನಿನಗ?” ಎಂದಳು ಅವ್ವ.

ಮಹಿಬೂಬ ಬಗ್ಗಿ ಚೂರುಗಳನ್ನೆಲ್ಲ ಆಯ್ದುಕೊಂಡು ಜೇಬಿಗೆ ಹಾಕಿದ. “ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಶಾಂತ ಆದಮ್ಯಾಲ ಬರೂದಿಲ್ಲ, ತಮ್ಮಾ,” ಎಂದಷ್ಟೇ ಹೇಳಿ, ಅವ್ವ ಕೊಟ್ಟ ಬಿಸಿ ರೊಟ್ಟಿ ತಿಂದು ಹೋದ. ಅಮಸಿದ್ದನಿಗೆ ಆ ಗಾದೆಯ ಮೇಲೂ ಸಿಟ್ಟು ಬಂತು. ಎಲ್ಲರಿಗೂ ಬುದ್ಧಿ ಹೇಳುವುದೊಂದು ಗೊತ್ತು.

ಜೂನ್ ಒಂದು ಬಂತು. ಫ್ಲೆಕ್ಸುಗಳು ಏರಿದವು. ಆಫೀಸಿನಲ್ಲಿ ಕೇಕು ಕತ್ತರಿಸಿದರು. ದೇವದಾಸ ತನ್ನ ಕೈಯಿಂದಲೇ ಅಮಸಿದ್ದನ ಬಾಯಿಗೆ ಒಂದು ತುಂಡು ಇಟ್ಟು, “ಇವತ್ತು ನಿನ್ನದೂ ಹುಟ್ಟುಹಬ್ಬವಲ್ಲವೇ, ಅಮಿತ್?” ಎಂದು ಮರಾಠಿಯಲ್ಲಿ ನಕ್ಕ. ಅಮಸಿದ್ದ ಅಗಿದು ನುಂಗಿದ. ನಿನಗೆ ಇದೇ ಕೊನೆಯ ಕೇಕು, ತಿನ್ನು, ಎಂದುಕೊಂಡ.

ಆ ತಿಂಗಳ ಇಪ್ಪತ್ತೊಂದಕ್ಕೆ ಅವ್ವ ಔರಂಗಾಬಾದಿಗೆ ಹೊರಟಳು. ಅಲ್ಲಿ ಅಮಸಿದ್ದನ ತಂಗಿ ಮಹಾಲಕ್ಷ್ಮಿಯ ಮನೆ. ಉಪ್ಪಿನಕಾಯಿ ಹಾಕುವ ಕಾಲ, ಅವ್ವ ಹೋಗದಿದ್ದರೆ ತಂಗಿಯ ಭರಣಿಗೆ ಮಾವಿನಕಾಯಿ ಬೀಳುತ್ತಿರಲಿಲ್ಲ. ಅಮಸಿದ್ದ ಬಸ್ಸಿಗೆ ಹತ್ತಿಸಲು ಹೋದ. ಅರ್ಧ ಟಿಕೀಟಿಗೆ ಅರವತ್ತೈದಾಗಿರಬೇಕು, ವಯಸ್ಸೆಷ್ಟು ಆಜಿ ಎಂದು ಕಂಡಕ್ಟರ್ ಕೇಳಿದ. “ಸಾಠಕ್ಕ ದೋನ್ ಕಮ್ಮಿ,” ಎಂದಳು ಅವ್ವ ತನ್ನ ಬೆರಕೆ ಮರಾಠಿಯಲ್ಲಿ. ಐವತ್ತೆಂಟಾದರೆ ಪೂರ್ತಿ ಟಿಕೀಟು ಎಂದ ಕಂಡಕ್ಟರ್. “ಅಯ್ಯ ನನ್ನ ಬಾಯಿಗಿಷ್ಟು ಮಣ್ಣ ಬೀಳಲಿ, ಖರೇ ಹೇಳಿ ಕೆಟ್ಟೆ,” ಎಂದು ಅವ್ವ ಹಣೆ ಚಚ್ಚಿಕೊಂಡಳು. ಅಮಸಿದ್ದ ನಕ್ಕುಬಿಟ್ಟ. ಅಪ್ಪ ಹೋದ ಮೇಲೆ ಅವನು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ಬಸ್ಸು ತಿರುಗುವವರೆಗೂ ಅವ್ವ ಕಿಟಕಿಯಿಂದ ಕೈ ಬೀಸುತ್ತಿದ್ದಳು.

ಎರಡು ದಿನ ಬಿಟ್ಟು, ಶನಿವಾರ, ದೇವದಾಸ ಬೆಳಿಗ್ಗೆಯೇ ಔರಂಗಾಬಾದಿಗೆ ಹೊರಟ. ಯಾರದೋ ಮದುವೆ, ಪುಢಾರಿಗಳ ಮನೆಯ ಊಟ, ತುಪ್ಪ ಸುರಿಯುವ ಪಂಕ್ತಿ. ಔರಂಗಾಬಾದಿನ ನಾಲ್ಕು ಗಾಡಿಗಳಲ್ಲಿ ಒಂದು ಗ್ಯಾರೇಜಿನಲ್ಲಿತ್ತು. ಮಳೆ ಹಿಡಿದ ಮೊದಲ ವಾರ, ರಸ್ತೆಯಲ್ಲಿ ಬೈಕು ಜಾರಿಬೀಳುವವರಿಗೆ ಲೆಕ್ಕವಿರಲಿಲ್ಲ. ನಾಶಿಕದ ಕಂಟ್ರೋಲ್ ರೂಮಿನ ಗೋಡೆಯ ಪರದೆಯಲ್ಲಿ ಔರಂಗಾಬಾದಿನ ಆರು ಕರೆಗಳು ಕಾಯುತ್ತಿದ್ದವು. ಅಲ್ಲಿಯ ಫೋನು ಎತ್ತುವವರು ಅಲ್ಲಿಯವರೇ. ಇಲ್ಲಿ ಕಾಣುವುದು ಟೋಕನ್ ನಂಬರು, ಊರು, ಕಾಯಿಲೆ ಮಾತ್ರ. ಅಮಸಿದ್ದ ಏನೋ ಕೆಲಸದ ನೆಪದಲ್ಲಿ ಅಲ್ಲಿಯೇ ಕುರ್ಚಿ ಹಾಕಿಕೊಂಡು ಕೂತಿದ್ದ.

ಒಂದು ಗಂಟೆ ಎಂಟು ನಿಮಿಷಕ್ಕೆ ಹೊಸ ಟೋಕನ್ ಬಂತು. ಔರಂಗಾಬಾದ್. ಎದೆನೋವು. ಕೆಂಪು ಬಣ್ಣದ ಕರೆ ಮೇಲಕ್ಕೆ ಚಿಮ್ಮಬೇಕು. ಚಿಮ್ಮಲಿಲ್ಲ. ಕೈಮುರಿತ, ವಾಂತಿಭೇದಿ, ಜ್ವರ ಎಲ್ಲವನ್ನೂ ದಾಟಿ ತಳಕ್ಕೆ ಇಳಿದು ಕೂತಿತು.

ಬಂದ! ಅಮಸಿದ್ದ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. ಆ ಮೂರು ಸಾಲನ್ನು ಬಿಟ್ಟರೆ ಎದೆನೋವನ್ನು ತಳಕ್ಕೆ ಇಳಿಸುವ ಶಕ್ತಿ ಇಡೀ ಪ್ರೋಗ್ರಾಮಿನಲ್ಲಿ ಇನ್ನೊಂದಿರಲಿಲ್ಲ. ಟೋಕನ್ ಮೇಲೆ ಕ್ಲಿಕ್ ಮಾಡಿದರೆ ಹೆಸರು ಕಾಣುತ್ತದೆ. ಬೆರಳು ತುರಿಸಿತು. ಆದರೆ ತೆರೆದವನ ಹೆಸರು ದಾಖಲಾಗುತ್ತದಲ್ಲ, ಆ ವ್ಯವಸ್ಥೆಯನ್ನು ಬರೆದವನೂ ಅವನೇ. ಅಷ್ಟು ದಡ್ಡನಲ್ಲ ಅವನು. ಕೈಕಟ್ಟಿ ಕೂತ. ಒಂದು ಗಾಡಿ ಬಿಡುವಾಯಿತು, ವಾಂತಿಭೇದಿಯವನಿಗೆ ಹೋಯಿತು. ಇನ್ನೊಂದು ಬಿಡುವಾಯಿತು, ಆಗಷ್ಟೇ ಬಂದ ಕೈಮುರಿತಕ್ಕೆ ಹೋಯಿತು. ಕಾಯಿ ಮಗನೇ, ಕಾಯಿ. ಲೈನ್ ಮೇಂ ಸಬ್‌ಕೋ ರುಕ್‌ನಾ ಪಡ್‌ತಾ ಹೈ. ಮೊಬೈಲು ಸದ್ದಿಲ್ಲದೆ ಜೇಬಿನಲ್ಲಿ ನಡುಗಿತು. ತೆಗೆದು ನೋಡಿದ, ಮಹಾಲಕ್ಷ್ಮಿ. ಉಪ್ಪಿನಕಾಯಿಯ ಪುರಾಣ ಆಮೇಲೆ ಕೇಳಿದರಾಯಿತು ಎಂದು ಒಳಗಿಟ್ಟ. ಮತ್ತೆ ನಡುಗಿತು. ಮತ್ತೂ ನಡುಗಿತು. ಇಪ್ಪತ್ತು ನಿಮಿಷ, ಮೂವತ್ತು, ನಲವತ್ತು. ನಲವತ್ತಾರು ಆಗುವವರೆಗೆ ಕಣ್ಣು ಕೀಳಬಾರದು ಎಂದು ಅವನು ತೀರ್ಮಾನಿಸಿದ್ದ.

ಒಂದು ಐವತ್ತಕ್ಕೆ ಬಾಗಿಲು ತೆರೆದು ದೇವದಾಸ ಒಳಗೆ ಬಂದ. ಮೈಯೆಲ್ಲ ಒದ್ದೆ, ಕೈಯಲ್ಲಿ ದಾರಿಯಲ್ಲಿ ಕೊಂಡ ಪೇರಲದ ಚೀಲ. “ಯೇವಲಾ ಹತ್ತಿರ ಲಾರಿ ಉರುಳಿ ರಸ್ತೆ ಬಂದ್ ಆಗಿದೆ,” ಎಂದು ಗೊಣಗಿದ, “ಮದುವೆಯೂ ಇಲ್ಲ, ಊಟವೂ ಇಲ್ಲ. ಅರ್ಧ ದಾರಿಯಿಂದ ವಾಪಸು ಬಂದೆ. ತಗೋ ಅಮಿತ್, ಪೇರಲ ತಿನ್ನು.” ಅಮಸಿದ್ದ ಆ ಮುಖವನ್ನೇ ನೋಡಿದ. ಬದುಕಿರುವ, ಗಟ್ಟಿಮುಟ್ಟಾದ, ಹಸಿದ ಮುಖ. ಪರದೆಯ ತಳದಲ್ಲಿ ಕೆಂಪು ಟೋಕನ್ ಇನ್ನೂ ಹಾಗೇ ಇತ್ತು. ಜೇಬಿನಲ್ಲಿ ಮೊಬೈಲು ಮತ್ತೆ ನಡುಗಿತು.

“ಅಣ್ಣಾ, ಫೋನ್ ಯಾಕ ಎತ್ತವಲ್ಲಿ!” ಮಹಾಲಕ್ಷ್ಮಿ ಅರಚುತ್ತಿದ್ದಳು. “ಅವ್ವಗ ಎದ್ಯಾಗ ನೋವು ಬಂದೈತಿ. ಮಹಿಬೂಬ ಕಾಕಾ ಕೊಟ್ಟ ಕಾರ್ಡಿನ ನಂಬರ್ ಹಚ್ಚಿ ಆಗಲೇ ಮುಕ್ಕಾಲ ತಾಸ ಆತು. ಗಾಡಿ ಬರತೈತಿ, ಹಂದಾಡಸಬ್ಯಾಡ್ರಿ, ಹಂದಾಡಸಬ್ಯಾಡ್ರಿ ಅಂತಾರ. ಎಲ್ಲೈತಿ ಗಾಡಿ? ಅವ್ವನ ಕೈ ತಣ್ಣಗಾಗ್ಯಾವ ಅಣ್ಣಾ, ಮಾತಾಡವಲ್ಳು...”

ಅವನು ಪರದೆಯ ಮೇಲೆ ಬಿದ್ದು, ಯಾರ ಭಯವೂ ಇಲ್ಲದೆ, ತನ್ನದೇ ಹೆಸರಿನಲ್ಲಿ ಆ ಟೋಕನ್ ತೆರೆದ. ಒಂದು ಗಂಟೆ ಐವತ್ತನಾಲ್ಕು ನಿಮಿಷ ಎಂದು ಅದು ದಾಖಲಾಯಿತು, ಅಪ್ಪ ಕಾದಷ್ಟೇ ಹೊತ್ತು ಆಗಿತ್ತು. “ಯಾರು? ನಿನ್ನ ತಾಯಿಯೇ? ಅರೇ, ಮೊದಲು ಅವರಿಗೆ ಕಳಿಸು!” ಎಂದು ದೇವದಾಸ ಚೀಲ ಎಸೆದು ಓಡಿಬಂದು, ಪರದೆಯ ಮೂಲೆಯಲ್ಲೆಲ್ಲ ಬೆರಳಾಡಿಸಿ, “ಬಟನ್ ಕುಠೇ ಆಹೇ? ಬಟನ್ ಕುಠೇ ಆಹೇ?” ಎಂದು ಹುಡುಕತೊಡಗಿದ, ಆರು ತಿಂಗಳ ಹಿಂದೆ ತಾನೇ ತೆಗೆಸಿದ್ದ ಬಟನ್ನನ್ನು. ಮೂರು ಗಾಡಿಗಳೂ ಬೇರೆಯವರನ್ನು ಹೊತ್ತು ಹೋಗಿದ್ದವು. ಅಮಸಿದ್ದನಿಗೆ ಯಾವುದೂ ಕೇಳಿಸುತ್ತಿರಲಿಲ್ಲ. ಅವನು ತೆರೆದ ದಾಖಲೆಯನ್ನು ಓದುತ್ತಿದ್ದ: ಗುಂಡವ್ವ ನಿಂಗಣ್ಣ, ಹೆಣ್ಣು, ಕಾರ್ಡು ಮಾಡಿದ ದಿನ ಮೇ 21, ಮಾಡಿದವರು ಮಹಿಬೂಬ. ಕೆಳಗೆ, ಅವನಿಗೂ ಸಾಠಕ್ಕ ದೋನ್ ಕಮ್ಮಿ ಎಂದಿರಬೇಕಾದ ಅವ್ವನಿಗಾಗಿ ಐವತ್ತೆಂಟು ವರ್ಷ ಹಿಂದಕ್ಕೆ ಎಣಿಸಿ ಆ ಮುದುಕ ತುಂಬಿದ ಜನ್ಮದಿನಾಂಕ: 01-06-1954.